ಮೂರು ಬ್ಲಾಕಿಗೆ ಒಂದೇ ಪರದೆ: ಪಿಸಿಆರ್ ಯಂತ್ರಗಳನ್ನು ಜೋಡಿಸಿದರೆ ಸಿಗುವುದೇನು, ಸಿಗದಿರುವುದೇನು

ಪಿಸಿಆರ್ ಎಂದರೆ ಮಾದರಿಯನ್ನು ಪದೇ ಪದೇ ಬಿಸಿ ತಂಪು ಮಾಡಿ ಡಿಎನ್ಎ ತುಣುಕನ್ನು ನಕಲು ಮಾಡುವ ವಿಧಾನ. ದಿನಕ್ಕೆ ಐದಾರು ಪ್ಲೇಟು ಓಡಿಸುವ ಲ್ಯಾಬಿಗೆ ಎಪ್ಪೆಂಡಾರ್ಫ್‌ನ ಮಾಸ್ಟರ್‌ಸೈಕ್ಲರ್ ನೆಕ್ಸಸ್ ಯಂತ್ರಗಳ ಮೂರರ ಸರಪಳಿ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚು ಕೆಲಸವಿದ್ದರೆ ಈ ಸರಪಳಿಗೆ ಕಾಸು ಹಾಕುವುದು ಬೇಡ, ನೇರವಾಗಿ ಈಥರ್ನೆಟ್ ಮೇಲೆ ನಡೆಯುವ ಯಂತ್ರಗಳಿಗೆ ಹೋಗಿ. ಯಾವುದನ್ನು ಕೊಂಡರೂ ಒಂದು ವಿಷಯ ತಲೆಯಲ್ಲಿರಲಿ. ಜೋಡಣೆಯಿಂದ ಯಂತ್ರಗಳ ಪ್ರೋಟೋಕಾಲ್ (ಯಂತ್ರ ನಡೆಯಬೇಕಾದ ಕ್ರಮ ಬರೆದ ಫೈಲು) ಒಂದಾಗುತ್ತದೆ, ಬ್ಲಾಕ್ (ಪ್ಲೇಟು ಕೂರುವ, ಬಿಸಿ ತಂಪಾಗುವ ಲೋಹದ ಭಾಗ) ಒಂದಾಗುವುದಿಲ್ಲ. ದುಡ್ಡು ಸುರಿದ ಮೇಲೆ ‘ಒಂದೇ ಫೈಲು, ಒಂದರಲ್ಲಿ ಬ್ಯಾಂಡ್ ಬರುತ್ತೆ, ಇನ್ನೊಂದರಲ್ಲಿ ಬರಲ್ಲ’ ಎಂಬ ಗೊಣಗಾಟ ಎಲ್ಲ ಕಡೆ ಶುರುವಾಗುವುದು ಇಲ್ಲಿಂದಲೇ. ಬ್ಯಾಂಡ್ ಎಂದರೆ ನಕಲಾದ ಡಿಎನ್ಎ ಜೆಲ್ಲಿನಲ್ಲಿ ಮೂಡಿಸುವ ಗೆರೆ.

ನೆಕ್ಸಸ್ ಸಾಲಿನಲ್ಲಿ ಎರಡು ಬಗೆಯ ಯಂತ್ರಗಳಿವೆ. ಒಂದಕ್ಕೆ ಪರದೆ ಮತ್ತು ಕೀಲಿಗಳಿವೆ. ಇನ್ನೊಂದು ‘ಇಕೋ’ ಮಾದರಿ. ಅದರಲ್ಲಿ ಬ್ಲಾಕು, ಬಿಸಿ ಮುಚ್ಚಳ, ಫ್ಯಾನು ಇಷ್ಟೇ, ಒತ್ತಲು ಪರದೆಯೇ ಇಲ್ಲ. ಪರದೆಯಿರುವ ಒಂದು ಯಂತ್ರ ಎರಡು ಇಕೋಗಳನ್ನು ನಡೆಸುತ್ತದೆ. ಮೂರೂ 96 ವೆಲ್‌ನದಾದರೆ ಒಂದೇ ಮೇಜಿನ ಮೇಲೆ 288 ವೆಲ್ (ಮಾದರಿ ಹಾಕುವ ಗುಳಿ) ಸಿಕ್ಕಿತು. ಜೋಡಿಸುವುದು ಕ್ಯಾನ್ ಬಸ್ ಕೇಬಲಿನಿಂದ. ಬಾಷ್ ಕಂಪನಿ 1986ರಲ್ಲಿ ಕಾರುಗಳಿಗೆಂದು ಹೊರತಂದ ಸಂಪರ್ಕ ಪದ್ಧತಿ ಅದು. ಹೌದು, ಬೆಂಗಳೂರಿನ ಆಡುಗೋಡಿಯವರಿಗೆ ಗೊತ್ತಿರುವ ಅದೇ ಬಾಷ್. ಎಂಜಿನ್ನಿನ ಬಿಸಿ, ಅದುರು, ಕರೆಂಟಿನ ಗಲಾಟೆ ಇವೆಲ್ಲದರ ನಡುವೆ ತಪ್ಪಿಲ್ಲದೆ ಸಂದೇಶ ಸಾಗಿಸಲು ಹುಟ್ಟಿದ್ದರಿಂದ ಲ್ಯಾಬಿನ ಮೇಜು ಅದಕ್ಕೆ ಲೆಕ್ಕಕ್ಕೇ ಇಲ್ಲ. ಐಪಿ ವಿಳಾಸ ಬೇಡ, ಕಂಪ್ಯೂಟರ್ ಬೇಡ, ಐಟಿ ವಿಭಾಗದ ಅನುಮತಿಯೂ ಬೇಡ. ಈ ಜೋಡಣೆಯಲ್ಲಿ ಮೆಚ್ಚಬೇಕಾದ ದೊಡ್ಡ ಗುಣ ಇದೇ.

ಹಾಕುವ ಕ್ರಮ ಸರಳ. ಮೂರನ್ನೂ ಆಫ್ ಮಾಡಿ. ಪರದೆಯಿರುವ ಯಂತ್ರದ ‘ಔಟ್’ ಕಿಂಡಿಯಿಂದ ಎರಡನೆಯದರ ‘ಇನ್’ಗೆ, ಎರಡನೆಯದರ ‘ಔಟ್’ನಿಂದ ಮೂರನೆಯದರ ‘ಇನ್’ಗೆ ಕೇಬಲ್ ಹಾಕಿ. ಇಕೋಗಳನ್ನು ಮೊದಲು ಆನ್ ಮಾಡಿ, ಪರದೆಯ ಯಂತ್ರವನ್ನು ಕೊನೆಗೆ. ಹೀಗೆ ಮಾಡಿದರೆ ಅದು ಎದ್ದು ಹುಡುಕುವ ಹೊತ್ತಿಗೆ ಉಳಿದೆರಡು ಸಿದ್ಧವಾಗಿರುತ್ತವೆ. ಮೂರನೆಯದು ಕಾಣಿಸದಿದ್ದರೆ ಮೊದಲು ನೋಡಬೇಕಾದ್ದು ನಡುವಿನ ಯಂತ್ರದ ಹಿಂದೆ. ‘ಇನ್’, ‘ಔಟ್’ ಅದಲುಬದಲಾಗಿರುತ್ತದೆ, ಇಲ್ಲವೇ ಮೇಜು ಒರೆಸುವಾಗ ಯಾರೋ ಯಂತ್ರ ಎಳೆದು ಕೇಬಲ್ ಅರ್ಧ ಸಡಿಲವಾಗಿರುತ್ತದೆ. ಈ ಕೇಬಲನ್ನು ಯಂತ್ರದ ಜೊತೆಗೇ ಬರುತ್ತದೆ ಎಂದುಕೊಂಡು ಕೂರಬೇಡಿ. ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ ಬರೆದಿದೆಯೇ, ಉದ್ದ ನಿಮ್ಮ ಮೇಜಿಗೆ ಸಾಲುತ್ತದೆಯೇ ನೋಡಿಕೊಳ್ಳಿ. ಎಳೆದು ಬಿಗಿಯಾಗಿ ಹಾಕಿದ ಕೇಬಲ್ ಒಂದಲ್ಲ ಒಂದು ದಿನ ಕಳಚಿಕೊಳ್ಳುತ್ತದೆ.

ಸರಪಳಿಯ ಕೊರತೆಯೂ ಅಷ್ಟೇ ಸರಳ. ತಲೆಯಾಳು ಕೆಟ್ಟರೆ ಮನೆಯೆಲ್ಲ ಕೆಟ್ಟಿತು. ಪರದೆಯ ಯಂತ್ರ ಸರ್ವಿಸಿಗೆ ಹೋದರೆ ಇಕೋ ಎರಡೂ ಕೆಲಸಕ್ಕೆ ಬಾರವು, ಅವನ್ನು ನೇರವಾಗಿ ಸ್ಟಾರ್ಟ್ ಮಾಡುವ ಬೇರೆ ದಾರಿ ಇಲ್ಲ. ಎರಡು ಪರದೆಯ ಬೆಲೆ ಉಳಿಸಿದ ಲೆಕ್ಕ ಆ ಎರಡು ವಾರದಲ್ಲಿ ತಲೆಕೆಳಗಾಗುತ್ತದೆ. ಹಾಗಾಗಿ ಮೂರರಲ್ಲಿ ಎರಡು ಪರದೆಯಿರುವುದನ್ನು, ಒಂದು ಇಕೋವನ್ನು ಕೊಳ್ಳುವುದು ಜಾಣತನ. ಇಕೋ ಪರದೆಯ ಯಂತ್ರಗಳಲ್ಲಿ ಒಂದರ ಕೈಕೆಳಗೆ ಇರಲಿ. ಆ ಪರದೆಯ ಯಂತ್ರ ಕೈಕೊಟ್ಟರೆ ಕೇಬಲ್ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿದರಾಯಿತು. ಇನ್ನೊಂದು ಕಿರಿಕಿರಿ ಜನರದ್ದು. ಒಬ್ಬರು ಪರದೆಯ ಮುಂದೆ ಪ್ರೋಟೋಕಾಲಿನ ತಾಪಮಾನ ತಿದ್ದುತ್ತಾ ಕೂತರೆ, ಪಕ್ಕದ ಇಕೋದಲ್ಲಿ ಪ್ಲೇಟಿಟ್ಟು ನಿಂತವರು ಕಾಯಬೇಕು. ಐಸಿನ ಮೇಲಿರಬೇಕಾದ ಮಾಸ್ಟರ್‌ಮಿಕ್ಸ್ (ಪಿಸಿಆರ್‌ಗೆ ಬೇಕಾದ ರಾಸಾಯನಿಕಗಳ ಮಿಶ್ರಣ) ಕೈಯಲ್ಲಿ ಬೆಚ್ಚಗಾಗುತ್ತಿರುತ್ತದೆ.

ಈಗ ಪ್ರೋಟೋಕಾಲ್ ವಿಷಯ. ಜೋಡಣೆಯ ನಿಜವಾದ ಲಾಭ ಇರುವುದು ಇಲ್ಲಿ, ಮೋಸ ಹೋಗುವುದೂ ಇಲ್ಲೇ.

ಬಿಡಿ ಯಂತ್ರಗಳಲ್ಲಿ ಒಂದೇ ಪ್ರೋಟೋಕಾಲಿನ ಐದು ಅವತಾರ ಇರುತ್ತವೆ. ಒಂದರಲ್ಲಿ ಅನೀಲಿಂಗ್ (ಪ್ರೈಮರ್ ಎಂಬ ಚಿಕ್ಕ ತುಣುಕು ಡಿಎನ್ಎಗೆ ಅಂಟಿಕೊಳ್ಳುವ ಹಂತ) 58 ಡಿಗ್ರಿ, ಇನ್ನೊಂದರಲ್ಲಿ ಯಾರೋ ಒಂದು ಸಲಕ್ಕೆಂದು 56 ಮಾಡಿ ಮರೆತದ್ದು, ಮೂರನೆಯದರಲ್ಲಿ ಸೈಕಲ್ 35 ಇದ್ದದ್ದು 40. ಜೋಡಿಸಿದಾಗ ಫೈಲು ಒಂದೇ ಕಡೆ ಇರುತ್ತದೆ, ಅದಕ್ಕೆ ಬೀಗ ಹಾಕಬಹುದು, ಯಾರು ಯಾವಾಗ ಓಡಿಸಿದರು ಎಂಬ ದಾಖಲೆ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಹೆಸರಿಡುವುದಕ್ಕೆ ಮೊದಲ ದಿನವೇ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಪರೀಕ್ಷೆಯ ಹೆಸರು, ಅನೀಲಿಂಗ್ ತಾಪಮಾನ, ಸೈಕಲ್ ಸಂಖ್ಯೆ, ಆವೃತ್ತಿ, ಈ ನಾಲ್ಕೂ ಹೆಸರಿನಲ್ಲೇ ಇರಬೇಕು. ‘ಹೊಸದು’, ‘ಫೈನಲ್’, ‘ಫೈನಲ್ 2’ ಎಂಬ ಹೆಸರಿನ ಫೈಲು ಕಂಡರೆ ಅಲ್ಲೇ ಅಳಿಸಿ. ಎಲ್ಲರೂ ಅಡ್ಮಿನ್ ಆಗಿ ಒಳಹೋಗುವ ಲ್ಯಾಬಿನಲ್ಲಿ ಮಾತ್ರ ಜೋಡಣೆ ಹಾನಿಯೇ ಹೆಚ್ಚು ಮಾಡುತ್ತದೆ. ಮೊದಲು ಒಬ್ಬರ ತಪ್ಪು ಒಂದು ಯಂತ್ರವನ್ನಷ್ಟೇ ಕೆಡಿಸುತ್ತಿತ್ತು, ಈಗ ಮೂರನ್ನೂ ಒಟ್ಟಿಗೆ ಕೆಡಿಸುತ್ತದೆ. ಪ್ರತಿಯೊಬ್ಬರಿಗೂ ಬೇರೆ ಪಿನ್ ಕೊಡಿ. ತಿದ್ದುವ ಹಕ್ಕು ಇಬ್ಬರಿಗಿದ್ದರೆ ಸಾಕು.

ಇನ್ನು ಬ್ಲಾಕಿಗೆ ಬರೋಣ. ಪ್ರೋಟೋಕಾಲ್ ಎಂದರೆ ತಾಪಮಾನ, ಸಮಯ, ಸೈಕಲ್ ಅಷ್ಟೇ ಎಂದುಕೊಂಡವರು ಫೈಲಿನ ಮೇಲ್ಭಾಗವನ್ನು ಓದಿರುವುದಿಲ್ಲ. ಮುಚ್ಚಳದ ತಾಪ, ವೆಲ್ಲಿನಲ್ಲಿರುವ ದ್ರವದ ಪ್ರಮಾಣ, ತಾಪಮಾನ ಹಿಡಿಯುವ ವಿಧಾನ, ಏರಿಳಿತದ ವೇಗ ಎಲ್ಲ ಅಲ್ಲೇ ಇರುತ್ತವೆ. ನೆಕ್ಸಸ್‌ನಲ್ಲಿ ಈ ವಿಧಾನಕ್ಕೆ ಫಾಸ್ಟ್, ಸ್ಟ್ಯಾಂಡರ್ಡ್, ಸೇಫ್ ಎಂಬ ಮೂರು ಆಯ್ಕೆಗಳಿವೆ. ಇದು ಅಲಂಕಾರಕ್ಕಿಟ್ಟದ್ದಲ್ಲ. ಲೋಹದ ಬ್ಲಾಕು 58 ಡಿಗ್ರಿ ಮುಟ್ಟಿದ ಕ್ಷಣಕ್ಕೆ ಟ್ಯೂಬಿನೊಳಗಿನ ದ್ರವ ಇನ್ನೂ ಹಿಂದೆಯೇ ಇರುತ್ತದೆ. 10 ಮೈಕ್ರೋಲೀಟರ್ ಬೇಗ ಹಿಡಿಯುತ್ತದೆ, 50 ಮೈಕ್ರೋಲೀಟರಿಗೆ ಹೊತ್ತು ಬೇಕು. ಬ್ಲಾಕು ಮುಟ್ಟಿದ ಕೂಡಲೇ ಗಡಿಯಾರ ಓಡಿದರೆ, 15 ಸೆಕೆಂಡಿನ ಅನೀಲಿಂಗಿನಲ್ಲಿ ದ್ರವಕ್ಕೆ ಸಿಗುವುದು ಅದಕ್ಕಿಂತ ಕಡಿಮೆ. ದ್ರವ ಮುಟ್ಟಿರಬಹುದು ಎಂದು ಲೆಕ್ಕಹಾಕಿ ಆಮೇಲೆ ಎಣಿಸಲು ಶುರುಮಾಡಿದರೆ ಪೂರಾ 15 ಸಿಗುತ್ತದೆ. ಒಂದೇ ಫೈಲಿನಿಂದ ಎರಡು ಬೇರೆ ಪಿಸಿಆರ್ ಹುಟ್ಟುವುದು ಹೀಗೆ.

ವೇಗದ ಲೆಕ್ಕ ಇನ್ನೂ ಸ್ಪಷ್ಟ. 95ರಿಂದ 58ಕ್ಕೆ ಇಳಿದು, 72ಕ್ಕೆ ಏರಿ, ಮತ್ತೆ 95ಕ್ಕೆ ಏರುವ ಸಾಮಾನ್ಯ ಸೈಕಲ್ ತೆಗೆದುಕೊಳ್ಳಿ. ಇಳಿಯುವುದು 37 ಡಿಗ್ರಿ, ಏರುವುದೂ ಒಟ್ಟು 37 ಡಿಗ್ರಿ. ಸೆಕೆಂಡಿಗೆ 3 ಡಿಗ್ರಿ ಏರಿ 2 ಡಿಗ್ರಿ ಇಳಿಯುವ ಅಲ್ಯೂಮಿನಿಯಂ ಬ್ಲಾಕಿಗೆ ಈ ಓಡಾಟಕ್ಕೇ ಸುಮಾರು 31 ಸೆಕೆಂಡು. 10 ಡಿಗ್ರಿ ಏರಿ 5 ಡಿಗ್ರಿ ಇಳಿಯುವ ಬೆಳ್ಳಿ ಬ್ಲಾಕಿಗೆ 11 ಸೆಕೆಂಡು. 35 ಸೈಕಲಿಗೆ ಒಂದರಲ್ಲಿ 18 ನಿಮಿಷ, ಇನ್ನೊಂದರಲ್ಲಿ ಆರೂವರೆ ನಿಮಿಷ. ಉಳಿದ ಹನ್ನೊಂದು ಹನ್ನೆರಡು ನಿಮಿಷ ಬರೀ ಸಮಯದ ಉಳಿತಾಯವಲ್ಲ. ನಿಧಾನದ ಬ್ಲಾಕಿನಲ್ಲಿ ಆ ಹೊತ್ತೆಲ್ಲ ಡಿಎನ್ಎ ಕಟ್ಟುವ ಪಾಲಿಮರೇಸ್ ಕಿಣ್ವ ದಾರಿಯಲ್ಲೇ ಕೆಲಸ ಮಾಡುತ್ತಿತ್ತು. ಹಳೆಯ ಬ್ಲಾಕಿನ ಮೇಲೆ ಪಳಗಿಸಿದ ಪ್ರೋಟೋಕಾಲನ್ನು ವೇಗದ ಬ್ಲಾಕಿಗೆ ಹಾಗೇ ಕಳಿಸಿದರೆ ಉದ್ದದ ಬ್ಯಾಂಡು ತೆಳ್ಳಗಾಗುವುದಕ್ಕೆ ಇದೂ ಒಂದು ಕಾರಣ. ಬೆಳ್ಳಿ ಬ್ಲಾಕನ್ನೂ ಅಲ್ಯೂಮಿನಿಯಂ ಬ್ಲಾಕನ್ನೂ ಒಂದೇ ಜೋಡಣೆಯಲ್ಲಿ ಇಟ್ಟರೆ, ವೇಗದ್ದಕ್ಕೆ ಮಿತಿ ಹಾಕಿ ನಿಧಾನದ್ದಕ್ಕೆ ಸರಿದೂಗಿಸಬೇಕು. ಥರ್ಮೋ ಫಿಶರ್‌ನವರ ಪ್ರೋಫ್ಲೆಕ್ಸ್ ಯಂತ್ರದಲ್ಲಿ ಹಳೆಯ ಮಾದರಿಗಳ ನಡೆಯನ್ನು ಅನುಕರಿಸುವ ಸಿಮ್ಯುಲೇಶನ್ ಆಯ್ಕೆ ಇಟ್ಟಿರುವುದು ಇದೇ ತಲೆನೋವಿಗೆ ಮದ್ದಾಗಿ. ಒಳ್ಳೆಯ ಆಲೋಚನೆ, ಉಳಿದವರೂ ಕಲಿಯಬೇಕಾದದ್ದು.

ಪರೀಕ್ಷಿಸುವ ಬಗೆ: ಒಂದೇ ಬಟ್ಟಲಿನಲ್ಲಿ ಮಾಸ್ಟರ್‌ಮಿಕ್ಸ್ ಕಲಸಿ, ಟೆಂಪ್ಲೇಟನ್ನು (ನಕಲಾಗಬೇಕಾದ ಮೂಲ ಡಿಎನ್ಎ) ಹತ್ತರ ಪಟ್ಟು ಇಳಿಸುತ್ತ ಆರು ಹಂತ ಮಾಡಿ, ಜೊತೆಗೊಂದು ಖಾಲಿ ಕಂಟ್ರೋಲ್ ಇಡಿ. ಇದನ್ನು ಮೂರು ಯಂತ್ರದಲ್ಲೂ ಓಡಿಸಿ ಒಂದೇ ಜೆಲ್ಲಿನಲ್ಲಿ ಪಕ್ಕಪಕ್ಕ ಹಾಕಿ. ಯಾವ ಯಂತ್ರ ಒಂದು ಹಂತ ಮೊದಲೇ ಸೋಲುತ್ತದೋ ಅದನ್ನು ಮಲ್ಟಿ ಪ್ರೋಬ್ ತಾಪಮಾಪಕದಿಂದ ಅಳೆಯಿಸಿ. ನಾಲ್ಕು ಮೂಲೆ ಮತ್ತು ನಡುಮಧ್ಯದ ವೆಲ್ಲುಗಳನ್ನು 95, 72 ಹಾಗೂ ನಿಮ್ಮ ಅನೀಲಿಂಗ್ ತಾಪಮಾನದಲ್ಲಿ ನೋಡಿದರೆ ಕತೆ ಗೊತ್ತಾಗುತ್ತದೆ. ಮೂಲೆಯ ವೆಲ್ಲು ಸದಾ ಹಿಂದೆ ಬೀಳುತ್ತಿದ್ದರೆ ಬ್ಲಾಕನ್ನು ಬಿಸಿ ತಂಪು ಮಾಡುವ ಪೆಲ್ಟಿಯರ್ ಸುಸ್ತಾಗಿರಬಹುದು. ಯಾವ ಕೇಬಲೂ ಅದನ್ನು ರಿಪೇರಿ ಮಾಡದು.

ನಾಲ್ಕನೇ ಯಂತ್ರ ಬಂದರೆ ಕ್ಯಾನ್ ಸರಪಳಿ ಕೈ ಚೆಲ್ಲುತ್ತದೆ. ಎಪ್ಪೆಂಡಾರ್ಫ್ ಕಂಪನಿಯದೇ ಮಾಸ್ಟರ್‌ಸೈಕ್ಲರ್ ಎಕ್ಸ್50 ಸಾಲು ಇಂಥವರಿಗೆ. ಟಚ್ ಪರದೆಯಿರುವ ಒಂದು ಯಂತ್ರ, ಪರದೆಯಿಲ್ಲದ ‘ಐ’ ಮಾದರಿಗಳನ್ನೂ ಸೇರಿಸಿ ಒಟ್ಟು ಹತ್ತನ್ನು ಈಥರ್ನೆಟ್ ಮೂಲಕ ನಡೆಸುತ್ತದೆ. ಕಂಪ್ಯೂಟರಿನಲ್ಲಿ ಸೈಕಲ್‌ಮ್ಯಾನೇಜರ್ ತಂತ್ರಾಂಶ ಹಾಕಿಕೊಂಡರೆ ಐವತ್ತರವರೆಗೆ ಹೋಗಬಹುದು. ಕ್ಯಾನ್‌ಗಿಂತ ಇದು ಎಲ್ಲ ರೀತಿಯಲ್ಲೂ ಮುಂದು. ಆದರೆ ಇಲ್ಲಿಂದ ಮುಂದೆ ಲ್ಯಾಬಿನವರಿಗೆ ನೆಟ್‌ವರ್ಕಿನ ಅಆಇಈ ಗೊತ್ತಿರಬೇಕು.

ಎಂಟು ಪೋರ್ಟಿನ ನೆಟ್‌ವರ್ಕ್ ಸ್ವಿಚ್ ತಂದು ಎಂಟು ಯಂತ್ರ ಜೋಡಿಸಲು ಹೊರಡುವುದು ಸಾಮಾನ್ಯ ಎಡವಟ್ಟು. ಒಂದು ಪೋರ್ಟು ಕಂಪ್ಯೂಟರಿಗೆ ಹೋಯಿತು, ಯಂತ್ರಕ್ಕೆ ಉಳಿದದ್ದು ಏಳು. ಹತ್ತು ಯಂತ್ರವಿದ್ದರೆ ಹದಿನಾರರ ಸ್ವಿಚ್ಚೇ ತನ್ನಿ. ಮ್ಯಾನೇಜ್ಡ್ ಸ್ವಿಚ್ ಬೇಕಿಲ್ಲ, ಸಾದಾದು ಸಾಕು. ಕ್ಯಾಟ್ 6 ಕೇಬಲ್, ಒಂದೊಂದು 100 ಮೀಟರ್ ಮೀರಬಾರದು. ಲ್ಯಾಬಿನಲ್ಲಿ ಅದು ಹತ್ತಿರಕ್ಕೂ ಬರುವುದಿಲ್ಲ ಬಿಡಿ. ವಿಳಾಸಗಳನ್ನು ಕೈಯಿಂದಲೇ ಕೊಡಿ. ಕಂಪ್ಯೂಟರಿಗೆ 192.168.50.10, ಯಂತ್ರಗಳಿಗೆ 11ರಿಂದ ಮೇಲಕ್ಕೆ, ಸಬ್‌ನೆಟ್ ಮಾಸ್ಕ್ ಎಲ್ಲಕ್ಕೂ 255.255.255.0. ಹೊರಗಿನ ಇಂಟರ್‌ನೆಟ್ ಬೇಡವೆಂದಾದರೆ ಗೇಟ್‌ವೇ ಖಾಲಿ ಬಿಡಿ. ಕೊನೆಯ ಎರಡು ಅಂಕಿಯನ್ನು ಸ್ಟಿಕರಿನಲ್ಲಿ ಬರೆದು ಯಂತ್ರದ ಮುಂಭಾಗಕ್ಕೂ ಕೇಬಲಿನ ಎರಡೂ ತುದಿಗೂ ಅಂಟಿಸಿ. ಆಗ ಪರದೆಯಲ್ಲಿ 14 ಕಾಣದಿದ್ದರೆ ಯಾವ ಕೇಬಲ್ ನೋಡಬೇಕೆಂದು ಹುಡುಕಾಡಬೇಕಿಲ್ಲ.

ವಿಳಾಸವನ್ನು ಕ್ಯಾಂಪಸ್ಸಿನ ಡಿಎಚ್‌ಸಿಪಿಗೆ (ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ) ಬಿಟ್ಟರೆ ಅದು ಕೊಟ್ಟ ವಿಳಾಸ ಕೆಲವು ದಿನಕ್ಕೆ ಬದಲಾಗಬಹುದು. ನಿನ್ನೆ ಇದ್ದ ಯಂತ್ರ ಇವತ್ತು ‘ಆಫ್‌ಲೈನ್’ ಎಂದು ತೋರಿಸುತ್ತದೆ, ಯಂತ್ರ ಮಾತ್ರ ಆರಾಮಾಗಿ ಓಡುತ್ತಲೇ ಇರುತ್ತದೆ. ಡಿಎಚ್‌ಸಿಪಿಯೇ ಬೇಕೆಂದು ಐಟಿಯವರು ಹಟ ಹಿಡಿದರೆ, ಯಂತ್ರದ ಮ್ಯಾಕ್ ವಿಳಾಸ ಕೊಟ್ಟು ಕಾಯಂ ವಿಳಾಸ ಮೀಸಲಿಡಲು ಕೇಳಿ. ವಿಳಾಸ 169.254ರಿಂದ ಶುರುವಾಗಿ ಕಂಡರೆ, ಯಂತ್ರ ಕೇಳಿತು, ಯಾರೂ ವಿಳಾಸ ಕೊಡಲಿಲ್ಲ, ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ. ತಾನಾಗಿ ಯಂತ್ರ ಹುಡುಕುವ ಸೌಲಭ್ಯ ಬೇರೆ ಬೇರೆ ವಿಲ್ಯಾನ್‌ಗಳ (ಒಂದೇ ಕ್ಯಾಂಪಸ್ ನೆಟ್‌ವರ್ಕನ್ನು ಬೇರೆ ಮಾಡಿದ ಭಾಗಗಳು) ನಡುವೆ ಸಾಮಾನ್ಯವಾಗಿ ದಾಟುವುದಿಲ್ಲ. ಕಂಪ್ಯೂಟರ್ ಮೇಲಿನ ಮಹಡಿಯಲ್ಲಿ, ಯಂತ್ರ ಕೆಳಗಿನದರಲ್ಲಿ ಇದ್ದರೆ ‘ಸಾಫ್ಟ್‌ವೇರ್ ಸರಿಯಿಲ್ಲ’ ಎಂದು ಬೈಯುವ ಮೊದಲು ಇದನ್ನು ವಿಚಾರಿಸಿ. ವೈಫೈ ಇದೆಯೆಂದು ಹಿಗ್ಗುವುದೂ ಬೇಡ. ಡೀಪ್ ಫ್ರೀಜರು, ಬಯೋಸೇಫ್ಟಿ ಕ್ಯಾಬಿನೆಟ್ಟು, ಕಬ್ಬಿಣದ ಅಲಮಾರಿ ತುಂಬಿದ ಕೋಣೆಯಲ್ಲಿ ಸಿಗ್ನಲ್ ಯಾವ ಹೊತ್ತಿಗೆ ಎಲ್ಲಿ ಸಾಯುತ್ತದೋ ಹೇಳಲಾಗದು.

ನಕಲು ಹೆಚ್ಚುವುದನ್ನು ಓಡುತ್ತಿರುವಾಗಲೇ ಅಳೆಯುವ ರಿಯಲ್ ಟೈಮ್ ಯಂತ್ರಗಳ ಕತೆ ಬೇರೆ, ಏಕೆಂದರೆ ಅವು ಆಜ್ಞೆ ಕೇಳುವುದಲ್ಲದೆ ಪ್ರತಿ ಸೈಕಲಿಗೂ ಅಂಕಿಅಂಶ ಹಿಂದಕ್ಕೆ ಕಳಿಸುತ್ತವೆ. ಬಯೋ ರಾಡ್‌ನ ಸಿಎಫ್ಎಕ್ಸ್96 ಯಂತ್ರಗಳನ್ನು ಒಂದು ಕಂಪ್ಯೂಟರಿಗೆ ಯುಎಸ್‌ಬಿಯಿಂದ ನಾಲ್ಕರವರೆಗೆ ಜೋಡಿಸಬಹುದು. ಹೊಸ ಸಿಎಫ್ಎಕ್ಸ್ ಓಪಸ್‌ಗೆ ಈಥರ್ನೆಟ್ಟೂ ವೈಫೈಯೂ ಇವೆ. ಯುಎಸ್‌ಬಿ ಅಗ್ಗವೇನೋ ಹೌದು, ಅದರ ಕಾಟಗಳು ಮಾತ್ರ ಸಣ್ಣವಲ್ಲ. ಕೇಬಲ್ 5 ಮೀಟರ್ ಮೀರಿದರೆ ನಂಬಿಕೆಯಿಲ್ಲ. ವಿಂಡೋಸ್ ಕರೆಂಟು ಉಳಿಸಲು ಯುಎಸ್‌ಬಿ ಪೋರ್ಟನ್ನು ಮಲಗಿಸುತ್ತದೆ. ರಾತ್ರಿ ಎರಡಕ್ಕೆ ಅಪ್‌ಡೇಟ್ ಬಂದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಹಾಗಾಗಿ ಪವರ್ ಆಪ್ಷನ್ನಿನಲ್ಲಿ ಸ್ಲೀಪ್ ತೆಗೆಯಿರಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ, ಅಪ್‌ಡೇಟಿಗೆ ಭಾನುವಾರದ ಒಂದು ಹೊತ್ತು ಗೊತ್ತುಮಾಡಿ. ರನ್ ಫೈಲನ್ನು ನೇರವಾಗಿ ಶೇರ್ಡ್ ಫೋಲ್ಡರಿಗೆ ಬರೆಸಬೇಡಿ. ಮೊದಲು ಕಂಪ್ಯೂಟರಿನಲ್ಲೇ ಉಳಿಸಿ, ಮುಗಿದ ಮೇಲೆ ನಕಲು ಹೋಗಲಿ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ ನಡೆಯುವ ಮಲೆನಾಡಿನಂಥ ಕಡೆ, ಪ್ಲೇಟಿನ ಹಿಂದೆ ಪ್ಲೇಟು ಬರುವ ತಿಂಗಳುಗಳಲ್ಲಿ, 38ನೇ ಸೈಕಲಿನಲ್ಲಿ ಕಳೆದುಹೋದ ಒಂದು ರನ್ ಎಂದರೆ 90ಕ್ಕೂ ಮಿಕ್ಕ ಜನರ ವರದಿ ಅರ್ಧ ದಿನ ತಡ.

ಕ್ಲೌಡ್ ಬಗ್ಗೆ ಎರಡೇ ಮಾತು. ಥರ್ಮೋ ಫಿಶರ್‌ನ ಕನೆಕ್ಟ್, ಬಯೋ ರಾಡ್‌ನ ಬಿಆರ್.ಐಒ ಎರಡೂ ಮನೆಯಲ್ಲಿ ಕೂತು ರನ್ ನೋಡಲು ಚೆನ್ನ. ಸಂಶೋಧನಾ ಲ್ಯಾಬಿಗೆ ಬಳಸಿ. ರೋಗಿಗಳ ಮಾದರಿ ನೋಡುವ ಲ್ಯಾಬಿನಲ್ಲಿ ಮಾತ್ರ ರನ್ ಹೆಸರಿನಲ್ಲಾಗಲಿ ವೆಲ್ ಹೆಸರಿನಲ್ಲಾಗಲಿ ರೋಗಿಯ ಹೆಸರು, ಫೋನ್ ಸಂಖ್ಯೆ ಬೇಡವೇ ಬೇಡ, ಮಾದರಿ ಸಂಖ್ಯೆ ಅಷ್ಟೇ ಇರಲಿ.

ರನ್ ಮುಗಿದಾಗ ಇಮೇಲ್ ಬರುವ ಸೌಲಭ್ಯವನ್ನು ಮಾರಾಟಗಾರರು ಜೋರಾಗಿ ಹೇಳುತ್ತಾರೆ. ಲ್ಯಾಬಿನವರು ಒಂದು ವಾರ ಪ್ರಯತ್ನಿಸಿ ಬಿಟ್ಟುಬಿಡುತ್ತಾರೆ. ಹಳೆಯ ಯಂತ್ರಗಳು ಬರೀ ಪಾಸ್‌ವರ್ಡ್ ಕೊಟ್ಟು ಮೇಲ್ ಕಳಿಸುವ ಕಾಲದವು. ಗೂಗಲ್ ಅಂಥ ಪ್ರವೇಶವನ್ನು ಸಾಮಾನ್ಯ ಖಾತೆಗಳಿಗೆ 2022ರ ಮೇ ತಿಂಗಳ ಕೊನೆಗೆ ನಿಲ್ಲಿಸಿತು. ಸಂಸ್ಥೆಯ ಒಳಗಿನ ಮೇಲ್ ಸರ್ವರಿನಿಂದ ಕಳಿಸಲು ಐಟಿಯವರು ಒಪ್ಪಿದರೆ ನಡೆಯುತ್ತದೆ, ಇಲ್ಲದಿದ್ದರೆ ಮೊಬೈಲಿನ ಅಲಾರಂ ಇದೆ. ಹೊರಗಿನ ಸಂಪರ್ಕವಿಲ್ಲದ ಜೋಡಣೆಯಲ್ಲಿ ಯಂತ್ರಗಳ ಗಡಿಯಾರವೂ ತನ್ನಷ್ಟಕ್ಕೆ ತಾನು ಹಿಂದೆ ಮುಂದೆ ಹೋಗುತ್ತದೆ. ತಿಂಗಳ ಮೊದಲ ದಿನ ಎಲ್ಲದರ ಸಮಯ ಒಂದು ಮಾಡಿ. ಆಡಿಟ್ ದಿನ ಪ್ಲೇಟು ಇಡುವ ಮೊದಲೇ ರನ್ ಮುಗಿದಂತೆ ದಾಖಲೆ ತೋರಿಸಿದರೆ ಉತ್ತರ ಕೊಡುವುದು ಕಷ್ಟ.

ಕರೆಂಟು. ಯಂತ್ರದ ಹಿಂದಿನ ತಗಡಿನಲ್ಲಿ ಬರೆದ ಗರಿಷ್ಠ ವ್ಯಾಟನ್ನು ಕೂಡಿ. ಒಂದೊಂದು 550 ವ್ಯಾಟ್ ಎಂದರೆ ಮೂರಕ್ಕೆ 1650. 3 ಕೆವಿಎ ಯುಪಿಎಸ್, ಪವರ್ ಫ್ಯಾಕ್ಟರ್ 0.8 ಆದರೆ 2400 ವ್ಯಾಟ್ ಕೊಡುತ್ತದೆ. ಮೂರು ಯಂತ್ರ, ಕಂಪ್ಯೂಟರ್, ಸ್ವಿಚ್ ಸೇರಿ ಆರಾಮು. 2 ಕೆವಿಎ ಯುಪಿಎಸ್ ಅದೇ ಲೆಕ್ಕದಲ್ಲಿ 1600 ಮಾತ್ರ ಕೊಡುತ್ತದೆ, ಮೂರೂ ಒಟ್ಟಿಗೆ 95ಕ್ಕೆ ಏರಿದ ಕ್ಷಣ ಕೂಗಿಕೊಳ್ಳುತ್ತದೆ. ಎರಡೆರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡುವುದು ಒಳ್ಳೆಯ ಅಭ್ಯಾಸ. ಯಂತ್ರಗಳನ್ನೆಲ್ಲ ಯುಪಿಎಸ್ಸಿಗೆ ಹಾಕಿ, ಮೂಲೆಯಲ್ಲಿರುವ ಆ ಚಿಕ್ಕ ನೆಟ್‌ವರ್ಕ್ ಸ್ವಿಚ್ಚನ್ನು ಮಾತ್ರ ಗೋಡೆಯ ಪ್ಲಗ್ಗಿಗೇ ಬಿಡುವುದು ಎಷ್ಟು ಕಡೆ ನಡೆಯುತ್ತದೋ! ಕರೆಂಟು ಹೋದಾಗ ಯಂತ್ರ ಓಡುತ್ತಿರುತ್ತದೆ, ಜೋಡಣೆ ಸತ್ತಿರುತ್ತದೆ. ಕೇಬಲಿನಿಂದ ಜೋಡಿಸಿದ ಎಲ್ಲವೂ ಒಂದೇ ಯುಪಿಎಸ್ಸಿನಲ್ಲಿ, ಒಂದೇ ಅರ್ತಿಂಗಿನಲ್ಲಿ ಇರಲಿ. ಬೇರೆ ಬೇರೆ ಅರ್ತಿಂಗ್ ಇದ್ದರೆ ಅವುಗಳ ನಡುವಿನ ವೋಲ್ಟೇಜು ಡೇಟಾ ಕೇಬಲಿನಲ್ಲೇ ಹರಿದು ಪೋರ್ಟು ಸುಡಬಹುದು.

ರಾತ್ರಿ ರನ್ ಹಾಕಿ ಹೋಗುವ ಆಸೆ ಜೋಡಣೆ ಬಂದ ಮೇಲೆ ಹೆಚ್ಚುತ್ತದೆ. ಕೊನೆಯ ಹೋಲ್ಡ್ 4 ಡಿಗ್ರಿ ಬದಲು 10 ಅಥವಾ 12 ಇರಲಿ. ಮುಗಿದ ಪಿಸಿಆರ್ ಉತ್ಪನ್ನ ಬೆಳಗಿನವರೆಗೆ ಅದರಲ್ಲಿ ಕೆಡುವುದಿಲ್ಲ. ಮಳೆಗಾಲದ ಮಂಗಳೂರಿನಲ್ಲಿ ಎಸಿಯಿಲ್ಲದ ಕೋಣೆಯಲ್ಲಿ 4 ಡಿಗ್ರಿ ಬ್ಲಾಕನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದರೆ ವೆಲ್ಲಿನ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಆ ನೀರು ಪೆಲ್ಟಿಯರಿನವರೆಗೆ ಇಳಿದರೆ ಖರ್ಚು ದೊಡ್ಡದು. ಒಂದರ ಬಿಸಿ ಗಾಳಿ ಇನ್ನೊಂದರ ಮೂಗಿಗೆ ಹೊಡೆಯದ ಹಾಗೆ ಯಂತ್ರಗಳ ನಡುವೆ ಜಾಗ ಬಿಡಿ.

ಟೆಂಡರ್ ಬರೆಯುವವರಿಗೆ: ‘ನೆಟ್‌ವರ್ಕ್ ಸೌಲಭ್ಯವಿರಬೇಕು’ ಎಂದಷ್ಟೇ ಬರೆದರೆ ಹಿಂದೆ ಒಂದು ಕಿಂಡಿಯಿರುವ ಯಾವ ಯಂತ್ರವೂ ಪಾಸಾಗುತ್ತದೆ. ಎಷ್ಟು ಯಂತ್ರ, ಯಾವ ಬಗೆಯ ಕೇಬಲ್, ಎಷ್ಟು ಮೀಟರ್, ಸ್ವಿಚ್ ಯಾರು ಕೊಡಬೇಕು, ತಂತ್ರಾಂಶದ ಲೈಸೆನ್ಸು ಎಷ್ಟು ಯಂತ್ರಕ್ಕೆ, ವಾರ್ಷಿಕ ಶುಲ್ಕ ಇದೆಯೇ, ಐದು ವರ್ಷದ ಮೇಲೆ ಕಂಪ್ಯೂಟರ್ ಬದಲಿಸಿದರೆ ಲೈಸೆನ್ಸು ವರ್ಗವಾಗುತ್ತದೆಯೇ, ಎಲ್ಲ ಬಿಡಿಬಿಡಿಯಾಗಿ ಬರೆಯಿರಿ. ಈಗಾಗಲೇ ಇರುವ ಹಳೆಯ ಯಂತ್ರದೊಂದಿಗೆ ಹೊಸದು ಕೂಡುತ್ತದೆಯೇ ಎಂಬುದಕ್ಕೆ ಬಾಯಿಮಾತು ಸಾಲದು, ಫರ್ಮ್‌ವೇರ್ ಆವೃತ್ತಿಯ ಸಮೇತ ಪತ್ರ ಬೇಕು.

ಯಂತ್ರ ಬಂದ ದಿನ ಎಲ್ಲ ವೆಲ್ಲಿಗೂ 25 ಮೈಕ್ರೋಲೀಟರ್ ನೀರು ಹಾಕಿ, ಹತ್ತು ಸೈಕಲ್ ಓಡಲು ಬಿಟ್ಟು, ಎಂಜಿನಿಯರ್ ಎದುರಿಗೇ ತರಲೆ ಶುರುಮಾಡಿ. ನಡುವಿನ ಕೇಬಲ್ ಎಳೆಯಿರಿ. ಇಕೋ ಓಡುತ್ತಲೇ ಇದೆಯೇ, ಕೇಬಲ್ ಮತ್ತೆ ಸಿಕ್ಕಿಸಿದಾಗ ತಲೆಯಾಳು ಅದನ್ನು ಗುರುತಿಸುತ್ತದೆಯೇ ನೋಡಿ. ಪರದೆಯ ಯಂತ್ರ ಆಫ್ ಮಾಡಿ. ಮೇನ್ ಸ್ವಿಚ್ಚನ್ನು ಮೊದಲು ಎರಡು ನಿಮಿಷ, ಆಮೇಲೆ ಇಪ್ಪತ್ತು ನಿಮಿಷ ಆರಿಸಿ. ಮತ್ತೆ ಹಾಕಿದಾಗ ಬಿಟ್ಟಲ್ಲಿಂದ ಮುಂದುವರಿಯಿತೇ, ದಾಖಲೆಯಲ್ಲಿ ಕರೆಂಟು ಹೋದ ಹೊತ್ತು ಬಿದ್ದಿದೆಯೇ ಓದಿ. ಕೊನೆಗೆ ಪ್ಲೇಟು ತೆಗೆದು ಮೂಲೆಯ ವೆಲ್ಲುಗಳಲ್ಲಿ ನೀರು ಆವಿಯಾಗಿ ಇಳಿದಿದೆಯೇ ಬೆಳಕಿಗೆ ಹಿಡಿದು ನೋಡಿ. ಇನ್‌ಸ್ಟಾಲೇಶನ್ ರಿಪೋರ್ಟಿಗೆ ಸಹಿ ಆಮೇಲೆ.